ಕೊನೆಯ ಏರಿಕೆ

ನಮ್ಮೂರಿನಲ್ಲಿ ಬಡ್ಡಿ ದರ ಏರಿದರೆ ಬೀದಿ ಅಗಲವಾಗುತ್ತದೆ, ಇಳಿದರೆ ಕಿರಿದಾಗುತ್ತದೆ. ಅದು ಹೇಗೆ, ಯಾಕೆ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಮಳೆ ಬಂದರೆ ನೆಲ ಯಾಕೆ ಒದ್ದೆಯಾಗುತ್ತದೆ ಎಂದು ಕೇಳಿದ ಹಾಗಿರುತ್ತದೆ ನಮಗೆ. ನಾನು ಗವಿರಂಗಪ್ಪ. ಇಪ್ಪತ್ತಾರು ವರ್ಷದಿಂದ ಊರ ಕಟ್ಟೆಯ ಮೇಲಿರುವ ದರದ ಹಲಗೆಗೆ ಅಂಕಿ ಸಿಗಿಸುವ ಕೆಲಸ ನನ್ನದು. ರಾಜಧಾನಿಯಿಂದ ತಂತಿ ಬರುತ್ತದೆ. ಅದರಲ್ಲಿರುವ ಅಂಕಿಯ ತಗಡನ್ನು ಪೆಟ್ಟಿಗೆಯಿಂದ ತೆಗೆದು, ಪಂಚೆಯ ಚುಂಗಿನಲ್ಲಿ ಒರೆಸಿ, ಏಣಿ ಹತ್ತಿ ಕೊಕ್ಕೆಗೆ ಸಿಗಿಸಿ ಇಳಿಯುತ್ತೇನೆ. ಸಿಗಿಸಿದ ಕ್ಷಣಕ್ಕೆ ಮನೆಗಳು ಒಂದರಿಂದೊಂದು ದೂರ ಸರಿಯುತ್ತವೆ. ಸದ್ದೇನೂ ಆಗುವುದಿಲ್ಲ. ಒಳಗೆ ಕೂತವರಿಗೆ ಒಲೆಯ ಮೇಲಿನ ಪಾತ್ರೆ ಅಲುಗಿದ್ದೂ ತಿಳಿಯುವುದಿಲ್ಲ. ಕಿಟಕಿ ತೆರೆದಾಗ ಎದುರು ಮನೆ ಚಿಕ್ಕದಾಗಿ ಕಾಣುತ್ತದೆ, ಅಷ್ಟೇ.

ಅಂಕಿ ಬದಲಾಗುವಾಗ ಬೀದಿಯಲ್ಲಿ ಯಾರೂ ಇರಬಾರದು ಎಂಬುದು ಹಿಂದಿನಿಂದ ಬಂದ ಕಟ್ಟುಪಾಡು. ಅದಕ್ಕೇ ಹನ್ನೊಂದಕ್ಕೆ ನಾನು ಕಟ್ಟೆಯ ಗಂಟೆ ಬಾರಿಸುತ್ತೇನೆ, ಹನ್ನೆರಡಕ್ಕೆ ಅಂಕಿ ಸಿಗಿಸುತ್ತೇನೆ. ಗಂಟೆ ಕೇಳಿದವರು ಹತ್ತಿರದ ಯಾವುದಾದರೂ ಮನೆ ಹೊಕ್ಕು ಕೂರಬೇಕು. ನೆಂಟರ ಮನೆಯಾದರೂ ಸರಿ, ಜಗಳವಾಡಿ ಮಾತು ಬಿಟ್ಟವರ ಮನೆಯಾದರೂ ಸರಿ. ಹೊಕ್ಕವರಿಗೆ ಮನೆಯವರು ಬೆಲ್ಲ ನೀರು ಕೊಡಬೇಕು. ಹೀಗೆ ಬೆಲ್ಲ ನೀರು ಕುಡಿದೇ ನಮ್ಮೂರಿನಲ್ಲಿ ಎರಡು ಮದುವೆ ಕುದುರಿವೆ, ಹದಿನಾಲ್ಕು ವರ್ಷದ ಒಂದು ಮೊಕದ್ದಮೆ ರಾಜಿಯಾಗಿದೆ. ಬೀದಿ ಇಪ್ಪತ್ತು ಮೂವತ್ತು ಹೆಜ್ಜೆಯಿದ್ದ ಕಾಲದಲ್ಲಿ ಒಂದು ತಾಸು ಎಂದರೆ ಧಾರಾಳವಾಯಿತು. ಮುದುಕರು ಕೋಲೂರಿಕೊಂಡು, ನಡುವೆ ನಿಂತು ಕೆಮ್ಮಿಕೊಂಡು ಹೋದರೂ ಸಮಯ ಉಳಿಯುತ್ತಿತ್ತು.

ಆಗ ದರ ನಾಲ್ಕು ಇತ್ತು. ಕಟ್ಟೆಯ ಗೋಡೆಗೇ ಅಂಟಿಕೊಂಡಿರುವ ನನ್ನ ಮನೆಯ ಬಾಗಿಲಿನಿಂದ ಎದುರು ಮನೆಯ ಪಂಕಜಾಕ್ಷಿಯ ಬಾಗಿಲಿಗೆ ಇಪ್ಪತ್ತೆರಡು ಹೆಜ್ಜೆ. ಪಂಕಜಾಕ್ಷಿ ಕೌದಿ ಹೊಲಿಯುತ್ತಿದ್ದಳು. ಊರಿನವರ ಹಳೆಯ ಸೀರೆ, ಪಂಚೆಗಳೆಲ್ಲ ಆಕೆಯ ಸೂಜಿಗೆ ಸಿಕ್ಕಿ ಹೊದಿಕೆಯಾಗಿ ಮತ್ತೆ ಅವರವರ ಮನೆ ಸೇರುತ್ತಿದ್ದವು. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ನನಗೋ, ಹೆಣ್ಣು ನೋಡುವವರು ಇಲ್ಲದೆ, ನೋಡಿದಾಗ ಒಪ್ಪುವವರು ಇಲ್ಲದೆ ನಲವತ್ತೆಂಟು ತುಂಬಿತ್ತು. ಹೊಲಿದ ಕೌದಿಯನ್ನು ಹರಡಿ ಅಳೆಯುವಾಗ ಇನ್ನೊಂದು ತುದಿ ಹಿಡಿಯಲು ಆಕೆಗೆ ಒಬ್ಬರು ಬೇಕಿತ್ತು. "ರೀ, ಸ್ವಲ್ಪ ಬಂದು ಹಿಡ್ಕೊಳ್ತೀರಾ?" ಎಂದು ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. ನಾನು ಹೋಗಿ ಹಿಡಿಯುತ್ತಿದ್ದೆ. ಹಿಡಿದದ್ದಕ್ಕೆ ಒಂದು ಬಟ್ಟಲು ಬಸ್ಸಾರು ಸಿಗುತ್ತಿತ್ತು. ಒಂದು ಸಂಜೆ ಸೂಜಿಯಿಂದ ಕಣ್ಣೆತ್ತದೆಯೇ ಆಕೆ ಅಂದಳು, "ಎರಡು ಮನೇಲಿ ಎರಡು ಒಲೆ ಯಾಕೆ ಉರೀಬೇಕು ಅಂತ ಒಂದೊಂದ್ಸಲ ಅನ್ಸುತ್ತೆ."

ನನಗೆ ಅರ್ಥವಾಯಿತು. ಬಾಯಿಗೆ ಮಾತ್ರ ಬಂದದ್ದು, "ಯುಗಾದಿ ಒಂದು ಕಳೀಲಿ" ಎಂದು. ಎದುರು ಮನೆ ತಾನೆ, ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡಿದ್ದೆ.

ಯುಗಾದಿಗೆ ಹತ್ತು ದಿನವಿದ್ದಾಗ ತಂತಿ ಬಂತು. ನಾಲ್ಕೂಕಾಲು. ಆ ತಗಡಿಗೆ ತುಕ್ಕು ಹಿಡಿದಿತ್ತು, ಅಷ್ಟು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ. ಸಿಗಿಸಿ ಇಳಿದು ಅಳೆದೆ, ನಮ್ಮಿಬ್ಬರ ನಡುವೆ ಅರವತ್ತು ಹೆಜ್ಜೆ.

ಮೂರು ತಿಂಗಳಿಗೊಮ್ಮೆ ರಾಜಧಾನಿಯಿಂದ ಒಬ್ಬ ಅಧಿಕಾರಿ ಬಂದು ಕಟ್ಟೆಯ ಮೇಲೆ ನಿಂತು ದೇಶದ ಆರ್ಥಿಕತೆಯ ಮುನ್ನೋಟ ಓದುತ್ತಾರೆ. ನಮ್ಮವರಿಗೆ ಅದು ಪಂಚಾಂಗ ಶ್ರವಣಕ್ಕಿಂತ ಹೆಚ್ಚು. ಆ ಸಲ ಅವರು ಓದಿದ್ದು: ದೇಶದಲ್ಲಿ ಜನ ವಿಪರೀತ ಕೊಳ್ಳುತ್ತಿದ್ದಾರೆ, ಅದರಿಂದ ಬೆಲೆಗಳು ಏರುತ್ತಿವೆ, ಆರ್ಥಿಕತೆ ಕಾದು ಕೆಂಪಾಗಿದೆ, ತಣಿಸಲು ದರ ಏರಿಸುವುದು ಅನಿವಾರ್ಯವಾಗಿದೆ, ಶ್ರಾವಣದ ಹೊತ್ತಿಗೆ ಇಳಿಯುವ ಸಂಭವವಿದೆ, ಇಳಿಯದಿರುವ ಸಂಭವವನ್ನೂ ತಳ್ಳಿಹಾಕುವಂತಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಆ ಮನುಷ್ಯನಿಂದ ಕಲಿಯಬೇಕು. ಹಿಂದೆ ಕೂತಿದ್ದ ಮುದುಕಿಯೊಬ್ಬಳು ಬಗ್ಗಿ ನೆಲ ಮುಟ್ಟಿ ನೋಡಿ, "ಎಲ್ಲಪ್ಪಾ ಕಾದೈತೆ? ತಣ್ಣಗೈತಲ್ಲ!" ಎಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನನಗೆ ಮುನ್ನೋಟದ ಮೇಲೆ ಭಕ್ತಿ. ಓದಿ ಮುಗಿದ ಕಾಗದವನ್ನು ಫೈಲಿಗೆ ಹಾಕಿಡುವವನು ನಾನೇ. ಅದರಲ್ಲಿ ನನಗೆ ಹಿತವಾದ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುವವನೂ ನಾನೇ.

ಅಂದೇ ಪಂಕಜಾಕ್ಷಿ ಅರವತ್ತು ಹೆಜ್ಜೆ ನಡೆದು ಬಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು, "ಈಗಲೇ ಬಂದ್ಬಿಡ್ಲಾ? ಗಂಟೂ ಮೂಟೆ ಅಂತ ನಂದೇನು ಜಾಸ್ತಿ ಇಲ್ಲ."

"ಶ್ರಾವಣಕ್ಕೆ ಇಳಿಯುತ್ತೆ ಅಂದಿದ್ದಾರೆ. ಬೀದಿ ಹತ್ತಿರ ಆದ್ಮೇಲೆ ಸಾಮಾನು ಸಾಗಿಸೋದು ಸುಲಭ ಅಲ್ವಾ?" ಎಂದೆ.

"ನಿಮಗೆ ಗೊತ್ತಿರುತ್ತೆ," ಎಂದು ಆಕೆ ಹೊರಟಳು. ಆ ಮಾತು ನನಗೆ ಆಗ ಹೆಮ್ಮೆಯೆನಿಸಿತ್ತು. ಅಂಕಿ ಸಿಗಿಸುವವನಿಗೆ ಅಂಕಿಯ ಮರ್ಮ ಗೊತ್ತಿರುತ್ತದೆ ಎಂದು ಆಕೆ ನಂಬಿದ್ದಳು. ಗಂಟೆ ಬಾರಿಸುವವನ ಜೊತೆ ದೇವರು ಮಾತಾಡುತ್ತಾನೆಯೇ?

ಶ್ರಾವಣಕ್ಕೆ ನಾಲ್ಕೂಮುಕ್ಕಾಲಾಯಿತು. ಕಾರ್ತಿಕದಲ್ಲಿ ಐದೂವರೆ. ಊರು ಹೊಂದಿಕೊಂಡಿತು, ಊರುಗಳು ಹೊಂದಿಕೊಳ್ಳದೆ ಏನು ಮಾಡುತ್ತವೆ? ಸೊಪ್ಪಿನವಳು ಬೀದಿ ದಾಟುವಷ್ಟರಲ್ಲಿ ಕೊತ್ತಂಬರಿ ಬಾಡುತ್ತಿತ್ತು, ಆದ್ದರಿಂದ ಆಕೆ ಒಣಮೆಣಸಿನಕಾಯಿ ಮಾರತೊಡಗಿದಳು. ಎದುರುಬದುರು ಮನೆಯವರ ಮದುವೆಗೆ ಬಸ್ಸು ಗೊತ್ತುಮಾಡಬೇಕಾಯಿತು. ಒಂದೇ ಗೋಡೆಯಿದ್ದ ಜೋಡಿ ಮನೆಗಳು ಬೇರಾಗುತ್ತಿರಲಿಲ್ಲ. ಹಾಗಾಗಿ ಹಿಸ್ಸೆಯಾಗಿ ನಡುವೆ ಬೇಲಿ ಹಾಕಿಕೊಂಡಿದ್ದ ಅಣ್ಣತಮ್ಮಂದಿರು ಬೇಲಿ ಕಿತ್ತು ಆತುರಾತುರವಾಗಿ ಗೋಡೆ ಕೂಡಿಸಿಕೊಂಡರು. ಮನೆ ಕಟ್ಟಿಸುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. ಗಾರೆಯವನು ಬೆಳಿಗ್ಗೆ ಹೊರಟರೆ ಕೆಲಸದ ಜಾಗ ಸೇರುವಾಗ ಮಧ್ಯಾಹ್ನವಾಗುತ್ತಿತ್ತು, ಕರಣೆ ಮುಟ್ಟುವ ಮೊದಲೇ ವಾಪಸು ಹೊರಡಬೇಕಿತ್ತು. ಬೇಕೆಂದ ತಕ್ಷಣ ಏನನ್ನೂ ಕೊಳ್ಳಲಾಗದೆ ಜನ ಬೇಕೆನ್ನುವುದನ್ನೇ ಬಿಟ್ಟರು. ಬೆಲೆ ಏರುವುದು ನಿಂತಿತು ಎಂದು ಪತ್ರಿಕೆಯಲ್ಲಿ ಬಂತು. ಪತ್ರಿಕೆ ನಮಗೆ ಮೂರು ದಿನ ತಡವಾಗಿ ಸಿಕ್ಕಿತು.

ಬಿಗಿಮುಷ್ಟಿ ಓಣಿಯವರು ಮಾತ್ರ ಮೀಸೆ ತಿರುವಿಕೊಂಡು ಓಡಾಡಿದರು. ನಮ್ಮ ಸೊಸೈಟಿಯಲ್ಲಿ ಕಾಯಂ ಪತ್ರ ಎಂಬುದೊಂದಿದೆ. ಅದಕ್ಕೆ ಸಹಿ ಹಾಕಿದರೆ ಅಂದಿನ ದರಕ್ಕೆ ನಿಮ್ಮ ಮನೆ ಎಷ್ಟು ದೂರವಿದೆಯೋ ಇಪ್ಪತ್ತು ವರ್ಷ ಅಷ್ಟೇ ದೂರ, ಹಲಗೆಯಲ್ಲಿ ಏನೇ ಬರಲಿ. ಆ ಓಣಿಯವರು ದರ ಮೂರೂವರೆ ಇದ್ದಾಗ ಸಹಿ ಹಾಕಿದ್ದರು. ಆಗ ನಾವೆಲ್ಲ ಅವರನ್ನು ಆಡಿಕೊಂಡಿದ್ದೆವು. ಈಗ ಅವರು ಹನ್ನೆರಡು ಹೆಜ್ಜೆಯ ಓಣಿಯಲ್ಲಿ ಮನೆಯಿಂದ ಮನೆಗೆ ಉಪ್ಪಿನಕಾಯಿ ಕೊಟ್ಟುಕೊಂಡು ಸುಖವಾಗಿದ್ದರು. ಓಣಿ ಬಿಟ್ಟು ಹೊರಗೆ ಬರಲು ಮಾತ್ರ ಅವರಿಗೆ ಭಯವಾಗುತ್ತಿತ್ತು.

ಐದೂವರೆಯಲ್ಲಿ ಪಂಕಜಾಕ್ಷಿಯ ಮನೆ ನನಗೆ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಕೂಗಿದರೆ ಕೇಳುತ್ತಿರಲಿಲ್ಲ. ಮನೆಗಳ ನಡುವೆ ಬಯಲಾದ್ದರಿಂದ ಗಾಳಿ ಜೋರಾಗಿ ಬೀಸಿ ಊರಿಗೆಲ್ಲ ಚಳಿ ಹತ್ತಿತು, ಕೌದಿಗೆ ಗಿರಾಕಿ ಹೆಚ್ಚಾದರು. ಅಳೆಯುವಾಗ ಇನ್ನೊಂದು ತುದಿಯನ್ನು ಆಕೆ ಬಾಗಿಲ ಚಿಲಕಕ್ಕೆ ಕಟ್ಟಿಕೊಳ್ಳುತ್ತಾಳೆ ಎಂದು ಹಾಲಿನ ಬೋರಲಿಂಗ ಹೇಳಿದ. ಬೋರಲಿಂಗ ಸೈಕಲ್ಲಿನಲ್ಲಿ ಮನೆಮನೆಗೆ ಹಾಲು ಹಾಕುತ್ತ ಸುದ್ದಿಯನ್ನೂ ಹಾಕುತ್ತಿದ್ದವನು. ಅವನ ಮೂಲಕವೇ ಆಕೆ, ಬರಲೇ ಎಂದು ಮತ್ತೊಮ್ಮೆ ಕೇಳಿಕಳಿಸಿದಳು. ನಾನು ಹೊಸ ಮುನ್ನೋಟ ನೋಡಿ ಸಂಕ್ರಾಂತಿ ಎಂದು ಹೇಳಿಕಳಿಸಿದೆ. ನಾನೇ ಎದ್ದು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ತಂತಿ ಯಾವಾಗ ಬರುತ್ತದೋ, ಕಟ್ಟೆ ಬಿಟ್ಟಿರಬಾರದು ಎಂಬುದು ನನ್ನ ನೆಪ. ಕಡಿಮೆಯಾಗುವುದು ಗ್ಯಾರಂಟಿಯಾದ ದಾರಿಯನ್ನು ಉದ್ದವಾಗಿರುವಾಗ ನಡೆಯುವುದು ದಂಡ ಎಂಬುದು ಒಳಗಿದ್ದ ಕಾರಣ. ಊರಿನವರೆಲ್ಲ ಹಾಗೇ ಯೋಚಿಸುತ್ತಿದ್ದರು. ಕಾಯಿಲೆಯ ತಾಯಿಯನ್ನು ನೋಡಲು ಹೋಗದೆ ದರ ಇಳಿಯಲೆಂದು ಕಾದವರಿದ್ದರು.

ಸಂಕ್ರಾಂತಿಗೆ ಆರಾಯಿತು. ಅರ್ಧ ದಿನದ ದಾರಿ. ಅಧಿಕಾರಿ ಬೆವರು ಒರೆಸಿಕೊಳ್ಳುತ್ತ ಬಂದು ಓದಿದರು: ಇನ್ನು ಒಂದು ಏರಿಕೆ ಆಗಬಹುದು, ಅದೇ ಕೊನೆಯದು, ಆಮೇಲೆ ಇಳಿಕೆ. ಈ ಸಲ "ತಳ್ಳಿಹಾಕುವಂತಿಲ್ಲ" ಎಂಬ ಸಾಲೇ ಇರಲಿಲ್ಲ. ನಾನು ಎರಡು ಗೆರೆ ಎಳೆದೆ.

ನಾಲ್ಕು ದಿನ ಬಿಟ್ಟು ಬೋರಲಿಂಗ ಬಂದವನು ಸೈಕಲ್ ಇಳಿಯದೆಯೇ ಹೇಳಿದ, "ಗವಿರಂಗಪ್ನೋರೆ, ಪಂಕಜಾಕ್ಷಮ್ಮ ಸೋಮವಾರ ಹೊತ್ತಾರೆನೇ ಹೊರಡ್ತಾರಂತೆ. ಕೈಗಾಡೀಲಿ ಸಾಮಾನು ಕಟ್ಟವ್ರೆ. ಮಧ್ಯಾಹ್ನದೊತ್ತಿಗೆ ಬತ್ತೀನಿ, ಅನ್ನಕ್ಕಿಟ್ಟಿರಿ ಅಂದವ್ರೆ. ಇನ್ನು ಕಾಯಾಕಿಲ್ವಂತೆ."

ಆ ಮೂರು ದಿನ ನಾನು ಮನುಷ್ಯನಾಗಿದ್ದೆ. ಮನೆ ಸಾರಿಸಿದೆ, ಇನ್ನೊಂದು ತಟ್ಟೆ ಕೊಂಡೆ. ಸೋಮವಾರ ಬೆಳಿಗ್ಗೆ ಎರಡು ಪಾವು ಅಕ್ಕಿ ತೊಳೆದು ಇಟ್ಟೆ. ಹತ್ತು ಗಂಟೆಗೆ ಕಟ್ಟೆಯ ಮೇಲೆ ನಿಂತರೆ ದೂರದಲ್ಲಿ ಒಂದು ಚುಕ್ಕೆ ಅಲುಗುತ್ತಿತ್ತು. ಹತ್ತೂವರೆಗೆ ತಂತಿಯವನು ಬಂದ. ಆರೂವರೆ.

ಹನ್ನೊಂದಕ್ಕೆ ಗಂಟೆ ಬಾರಿಸಿದೆ. ಬಾರಿಸುತ್ತಿದ್ದ ಹಾಗೆಯೇ ಹೊಳೆಯಿತು, ಆಕೆ ಸರಿಯಾಗಿ ಬೀದಿಯ ನಡುವೆ ಇದ್ದಳು. ಮುಂದಕ್ಕೆ ಬಂದರೂ ಹಿಂದಕ್ಕೆ ಹೋದರೂ ಎರಡು ತಾಸಿನ ದಾರಿ, ಸುತ್ತ ಹೊಗಲು ಒಂದು ಮನೆಯಿಲ್ಲ. ಕಟ್ಟುಪಾಡು ಮಾಡಿದ ಹಿರಿಯರು ಬೀದಿ ಇಷ್ಟು ಅಗಲವಾಗುವುದನ್ನು ಕನಸಲ್ಲೂ ಕಂಡಿರಲಿಲ್ಲ. ಗಂಟೆ ಕೇಳಿ ನನ್ನ ಮನೆಗೆ ಓಡಿಬಂದಿದ್ದ ಬೋರಲಿಂಗ ಬೆಲ್ಲದ ಚೂರು ಹಿಡಿದುಕೊಂಡೇ ಹೊರಗೆ ನೋಡಿದ.

"ಅವ್ರು ಇನ್ನೂ ನಡೂಮಧ್ಯದಲ್ಲವ್ರೆ ಕಣ್ರೀ. ಒಂದೆರಡು ತಾಸು ತಡೀರಿ."

"ಹನ್ನೆರಡಕ್ಕೆ ಅಂತ ತಂತೀಲಿದೆ ಬೋರಲಿಂಗ."

"ತಂತಿ ಕಳಿಸ್ದೋರು ಬಂದು ಗಡಿಯಾರ ನೋಡ್ತಾರಾ? ನಿಮ್ಮ ಕೈಲಿ ತಾನೆ ಇರೋದು ತಗಡು!"

ಅವನು ಹೇಳಿದ್ದು ಸರಿಯಾಗಿತ್ತು. ನನ್ನ ಕೈಯಲ್ಲೇ ಇತ್ತು. ಇಪ್ಪತ್ತಾರು ವರ್ಷದಲ್ಲಿ ಒಂದು ನಿಮಿಷ ಹಿಂದೆ ಮುಂದೆ ಮಾಡಿದವನಲ್ಲ ನಾನು, ಮಾಡಿದರೆ ಏನಾಗುತ್ತದೆಂದೂ ಗೊತ್ತಿರಲಿಲ್ಲ. ಆದರೆ ನಾನು ಏಣಿ ಹತ್ತಿದ್ದು ಹೆದರಿಕೆಯಿಂದಲ್ಲ. ಇದೇ ಕೊನೆಯ ಏರಿಕೆ ಎಂದು ಮುನ್ನೋಟದಲ್ಲಿ ಸ್ಪಷ್ಟವಾಗಿತ್ತು. ಇವತ್ತೊಂದು ದಿನ ಕಷ್ಟ, ಆಮೇಲೆ ಇಳಿಯುತ್ತದೆ, ಜೀವಮಾನವೆಲ್ಲ ಒಟ್ಟಿಗೆ ಇರುವುದಿದೆಯಲ್ಲ ಎಂದು ಮನಸ್ಸು ಲೆಕ್ಕ ಹಾಕಿತು. ಕಾಗದದಲ್ಲಿದ್ದ ನಾಳೆಯನ್ನು ನಂಬಿದೆ, ಕಣ್ಣಿಗೆ ಕಾಣುತ್ತಿದ್ದ ಹೆಂಗಸನ್ನು ನಂಬಲಿಲ್ಲ. ಹನ್ನೆರಡು ಹೊಡೆಯಿತು. ಸಿಗಿಸಿದೆ. ಏಣಿಯ ಮೇಲಿಂದಲೇ ನೋಡಿದೆ, ಆ ಚುಕ್ಕೆ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಇಲ್ಲವಾಯಿತು.

ಬೋರಲಿಂಗ ಬೆಲ್ಲವನ್ನು ಕಟ್ಟೆಯ ಮೇಲೆ ಇಟ್ಟು, ನನ್ನ ಮುಖ ನೋಡದೆ ಸೈಕಲ್ ಹತ್ತಿದ.

ಎಂಟು ದಿನ ಅನ್ನ ಇಟ್ಟು ಕಾದೆ. ಒಂಬತ್ತನೆಯ ದಿನ ಬೋರಲಿಂಗನೇ ಸುದ್ದಿ ತಂದ. ಆಕೆ ಎರಡು ರಾತ್ರಿ ಬಯಲಿನಲ್ಲಿ ಕಳೆದು, ಗಾಡಿ ತಿರುಗಿಸಿಕೊಂಡು ತನ್ನ ಮನೆಗೇ ಹೋಗಿ ಸೇರಿದ್ದಳು. ಚೆನ್ನಾಗಿದ್ದಾಳೆ, ಕಾಲಿಗೆ ಬೊಬ್ಬೆ ಬಂದಿದೆ ಅಷ್ಟೇ ಎಂದ. ನನಗೆ ಏನಾದರೂ ಹೇಳಿದಳೇ ಎಂದು ಕೇಳಿದೆ. "ಇಲ್ಲ," ಎಂದ.

ಅಲ್ಲಿಂದ ಏಳು ತಿಂಗಳು ಹಲಗೆಯಲ್ಲಿ ಆರೂವರೆಯೇ ಇತ್ತು. ನಮ್ಮ ನಡುವೆ ಎರಡು ದಿನದ ದಾರಿ. ಒಂಟಿತನ ಎಂದರೆ ಏನೆಂದು ನಾನು ಬಲ್ಲೆ ಎಂದುಕೊಂಡಿದ್ದೆ, ನಲವತ್ತೆಂಟು ವರ್ಷ ಒಬ್ಬನೇ ಉಂಡವನಲ್ಲವೇ? ಅದು ಒಂಟಿತನವಲ್ಲ, ಒಬ್ಬನೇ ಇರುವ ಅಭ್ಯಾಸ. ಒಬ್ಬರಿಗಾಗಿ ಇಟ್ಟ ತಟ್ಟೆಯನ್ನು ದಿನವೂ ತೊಳೆಯುವುದು ಬೇರೆ. ಪತ್ರ ಬರೆಯಲು ಕೂತರೆ "ಕ್ಷೇಮ" ಎಂಬಲ್ಲಿಗೆ ಪೆನ್ನು ನಿಲ್ಲುತ್ತಿತ್ತು. ಇಳಿಯಲಿ, ಇಳಿದ ಮೇಲೆ ಎದುರಿಗೇ ಬರುತ್ತದಲ್ಲ ಮನೆ, ಮುಖ ನೋಡಿಯೇ ಮಾತಾಡೋಣ ಎಂದು ಮತ್ತೆ ಅದೇ ರಾಗ.

ಕಡೆಗೂ ಮುನ್ನೋಟ ನಿಜವಾಯಿತು. ಅದು ಕೊನೆಯ ಏರಿಕೆಯೇ ಆಗಿತ್ತು. ದೇಶ ತಣಿದಿತ್ತು, ತಣಿದು ಹೆಪ್ಪುಗಟ್ಟಿತ್ತು, ಈಗ ಬೆಚ್ಚಗೆ ಮಾಡಬೇಕೆಂದು ರಾಜಧಾನಿಯವರು ಒಂದೇ ಏಟಿಗೆ ದರವನ್ನು ನಾಲ್ಕಕ್ಕೆ ಇಳಿಸಿದರು. ತಂತಿ ಓದಿ ನಾನು ಅತ್ತೆ. ಹನ್ನೊಂದಕ್ಕೆ ಗಂಟೆ, ಹನ್ನೆರಡಕ್ಕೆ ನಾಲ್ಕು. ಏಣಿಯ ಮೇಲೆ ನಿಂತು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಊರು ಕೂಡಿಕೊಂಡಿತ್ತು. ಜನ ಹೊರಗೆ ಓಡಿಬಂದು ಎದುರು ಮನೆಯವರ ಕೈ ಹಿಡಿದುಕೊಳ್ಳುತ್ತಿದ್ದರು. ಯಾರೋ ಸಕ್ಕರೆ ಹಂಚುತ್ತಿದ್ದರು. ನನ್ನ ಮನೆಯ ಎದುರಿಗೆ ಮಾತ್ರ ಏನೂ ಇರಲಿಲ್ಲ. ಬರೀ ಬಯಲು, ಕಣ್ಣು ಹರಿಯುವಷ್ಟೂ ಬಯಲು.

ಸೊಸೈಟಿಗೆ ಓಡಿದೆ. ಕಾರ್ಯದರ್ಶಿ ದಪ್ಪ ಪುಸ್ತಕ ತಿರುವಿ ಬೆರಳಿಟ್ಟರು. "ಪಂಕಜಾಕ್ಷಮ್ಮ ತಾನೆ? ಆರೂವರೆ ಇದ್ದಾಗ ಕಾಯಂ ಪತ್ರಕ್ಕೆ ಸಹಿ ಹಾಕಿದ್ದಾರೆ ನೋಡಿ. ನಾನೇ ಮೋಟರ್ ಸೈಕಲ್ಲಲ್ಲಿ ಹೋಗಿ ಹಾಕಿಸ್ಕೊಂಡು ಬಂದೆ. ಇನ್ನೂ ಏರುತ್ತೆ ಅಂತ ಆಗ ಎಲ್ಲರೂ ಹೇಳ್ತಿದ್ರಲ್ಲ, ಆ ತಿಂಗಳು ಬಹಳ ಜನ ಹಾಕಿದ್ರು."

"ರದ್ದು ಮಾಡೋಕಾಗಲ್ವಾ?"

"ಇಪ್ಪತ್ತು ವರ್ಷ," ಎಂದು ಅವರು ಪುಸ್ತಕ ಮುಚ್ಚಿದರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ ನಾನು ಮರುದಿನ ಕಟ್ಟೆಗೆ ಬೀಗ ಹಾಕಿದೆ. ಕೆಲಸಕ್ಕೆ ಸೇರಿದ ಮೇಲೆ ನಾನು ಹಾಕಿದ ಮೊದಲ ರಜೆ ಅದು. ಬುತ್ತಿ ಕಟ್ಟಿಕೊಂಡು ಬಯಲಿಗೆ ಇಳಿದೆ. ನೆರಳಿಲ್ಲ, ನೀರಿಲ್ಲ, ಒಂದು ನಾಯಿಯೂ ಇಲ್ಲ. ಹಿಂದಿನಿಂದ ಊರಿನ ಗದ್ದಲ ಸ್ವಲ್ಪ ಹೊತ್ತು ಕೇಳಿ ನಿಂತುಹೋಯಿತು. ಆಕೆ ಕೈಗಾಡಿ ತಳ್ಳಿಕೊಂಡು ಒಬ್ಬಳೇ ಇಲ್ಲಿದ್ದಳು ಎಂಬುದು ಪ್ರತಿ ಹೆಜ್ಜೆಗೂ ನೆನಪಾಯಿತು. ಮೊದಲ ದಿನದ ಕೊನೆಗೆ ನಡುದಾರಿಯಲ್ಲಿ ಮಲಗಿದೆ. ಎದ್ದು ಹಿಂದಿರುಗಿ ನೋಡಿದರೆ ನನ್ನ ಕಟ್ಟೆ ಕಾಣಲಿಲ್ಲ. ಎರಡನೇ ದಿನ ಇಳಿಹೊತ್ತಿಗೆ ಆಕೆಯ ಮನೆ ಸಿಕ್ಕಿತು.

ಪಂಕಜಾಕ್ಷಿ ಜಗಲಿಯ ಮೇಲೆ ಕೂತು ಹೊಲಿಯುತ್ತಿದ್ದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನನ್ನನ್ನು ಕಂಡು ಗಾಬರಿಯಾಗಲಿಲ್ಲ, ಸಿಟ್ಟೂ ಬರಲಿಲ್ಲ. ಚಾಪೆ ಹಾಸಿ, ಚೊಂಬಿನಲ್ಲಿ ನೀರು ತಂದಿಟ್ಟಳು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ನೀರು ಕುಡಿಯುವಷ್ಟರಲ್ಲಿ ಮರೆತುಹೋಯಿತು.

"ದರ ಇಳೀತು," ಎಂದೆ.

"ಬೋರಲಿಂಗ ಹೇಳ್ದ. ನೀವು ಅವತ್ತಿಂದ ಹೇಳ್ತಾನೇ ಇದ್ರಲ್ಲ, ಇಳಿಯುತ್ತೆ ಅಂತ."

"ತಪ್ಪಾಯ್ತು ನಂದು. ಅವತ್ತು ನಾನು ತಡೀಬೇಕಿತ್ತು."

ಆಕೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ನನಗೆ ಕಾಣ್ತಿತ್ತು ಕಣ್ರೀ. ಗಂಟೆ ಕೇಳಿದ ತಕ್ಷಣ ಗಾಡಿ ಬಿಟ್ಟು ಓಡಿದೆ, ಒಂದು ತಾಸಿನಲ್ಲಿ ಎಷ್ಟು ಓಡಕ್ಕಾಗುತ್ತೆ? ಏಣಿ ಮೇಲೆ ನೀವು ಇಷ್ಟೇ ಇಷ್ಟು ಕಾಣಿಸಿದ್ರಿ. ನಾನು ಕೈ ಎತ್ತಿದೆ, ನಿಲ್ಲಿ ಅಂತ. ನೀವೂ ಕೈ ಎತ್ತಿದ್ರಿ. ಅಬ್ಬ, ನೋಡಿದ್ರು ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು, ಅಂಕಿ ಸಿಗ್ಸಕ್ಕೆ ಎತ್ತಿದ್ದು ಅಂತ."

ಖಾಲಿ ಚೊಂಬನ್ನು ಪಕ್ಕಕ್ಕಿಟ್ಟು ಕೇಳಿದೆ, "ಕಾಯಂ ಯಾಕೆ ಮಾಡಿಸಿದ್ರಿ? ಸ್ವಲ್ಪ ಕಾದಿದ್ರೆ..."

"ಕಾಯೋದೇ ಸಾಕಾಗಿತ್ತು. ದಿನಾ ಎದ್ದು ಬಾಗಿಲು ತೆಗೆದು, ಇವತ್ತು ಹತ್ತಿರ ಆಯ್ತಾ, ಇವತ್ತು ದೂರ ಆಯ್ತಾ ಅಂತ ನೋಡೋದು. ಎಷ್ಟು ದೂರ ಅಂತ ಒಂದು ಗೊತ್ತಾಗಿಬಿಟ್ರೆ ಸಾಕು ಅನ್ನಿಸ್ತು. ಈಗ ನಿದ್ದೆ ಬರುತ್ತೆ." ಹೇಳುವಾಗ ಆಕೆಯ ದನಿಯಲ್ಲಿ ಚುಚ್ಚುವಿಕೆ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ನಾನೇ ಇಲ್ಲಿಗೆ ಬಂದುಬಿಡ್ತೀನಿ," ಎಂದೆ. "ಕಟ್ಟೆ ಕೆಲಸ ಬೇರೆ ಯಾರಾದ್ರೂ ಮಾಡ್ಲಿ."

ಆಕೆ ಬಯಲಿನ ಕಡೆ ನೋಡಿದಳು. ಈ ಮಾತನ್ನು ಅರವತ್ತು ಹೆಜ್ಜೆಯಿದ್ದಾಗ ಹೇಳಿದ್ದರೆ ಏನಾಗುತ್ತಿತ್ತೋ ಅದನ್ನೇ ಆಕೆಯೂ ಯೋಚಿಸುತ್ತಿದ್ದಳೋ ಏನೋ. ಆಮೇಲೆ ಎದ್ದು, ಕೌದಿಯನ್ನು ಮಡಿಸಿಟ್ಟು, ಒಳಗೆ ಹೋದಳು. ಒಲೆಗೆ ಸೌದೆ ಒಡ್ಡಿದ ಸದ್ದು ಕೇಳಿಸಿತು. ಅನ್ನಕ್ಕೆ ಅಕ್ಕಿ ತೊಳೆಯುತ್ತ ಹೊಸ್ತಿಲಿಗೆ ಬಂದು ನಿಂತಳು.

"ಬಚ್ಚಲಲ್ಲಿ ಬಿಸಿನೀರಿದೆ, ಕೈಕಾಲು ತೊಳ್ಕೊಳ್ಳಿ," ಎಂದಳು. "ಊಟ ಮಾಡ್ಕೊಂಡೇ ಹೊರಡಬೇಕು. ಪಾಪ, ದೂರದಿಂದ ಬಂದಿದ್ದೀರ."